ಅಂಟು ಒಣಗುವ ಹೊತ್ತು

ನಾರುಬಟ್ಟೆ ಏಳು ಪದರ. ಪದರಕ್ಕೊಂದು ಸಲ
ಎತ್ತಿನ ಗೊರಸು ಕುದಿಸಿದ ಅಂಟು.
ಒಣಗಲು ಎರಡು ಹಗಲು, ಗಾಳಿ ಬಡಗಣದ್ದಾದರೆ ಒಂದೇ.
ಹೀಗೆ ಈ ಅಥೆನ್ಸಿನಲ್ಲಿ ಮೂವತ್ತು ವಸಂತ
ರಾಜರನ್ನು ಮಾಡಿದ್ದೇನೆ.
ಮಾಡಿದ್ದೆಲ್ಲ ಬೀಳಲಿಕ್ಕೆ.

ಬೀಳುವ ರಾಜನಿಗೆ ಹುಬ್ಬು ತುಸು ಎತ್ತರ ಇಡಬೇಕು,
ಬಾಯಿ ತೆರೆದೇ ಇರಬೇಕು.
ಮೊದಲು ಬಂದಾಗ ಅದು ಅಪ್ಪಣೆ ಕೊಡುವ ಬಾಯಿ,
ಕೊನೆಗೆ ಅದೇ ಗೋಳಿಡುವ ಬಾಯಿ.
ನಾನೇನೂ ಬದಲಿಸುವುದಿಲ್ಲ,
ಕಣ್ಣ ಕೆಳಗೆ ಒಂದಿಷ್ಟು ಕೆಂಪು ಬಳಿಯುತ್ತೇನೆ.

ಆ ವರ್ಷ ನಾಟಕದ ಖರ್ಚು ಹೊತ್ತವನು ಹಗ್ನಿಯಾಸ್.
ಬಂದರಿನಲ್ಲಿ ಮೂರು ಹಡಗು, ಎಣ್ಣೆ, ಉಪ್ಪುಮೀನು.
ಅಂಗಡಿಗೆ ಬಂದ. ಕೂರಲಿಲ್ಲ.
ಒಣಗಲಿಟ್ಟ ಮುಖವೊಂದನ್ನು ಕೋಲಿನ ತುದಿಯಲ್ಲಿ ಎತ್ತಿ
“ಚಿಂದಿಗೆ ಇಷ್ಟು ದುಡ್ಡೇ, ಥಾಲೋಸ್?” ಅಂದ.
ನನ್ನವಳು ತಂದ ನೀರು ಮುಟ್ಟದೆ ಹೋದ.

ಇಷ್ಟೇ. ಇಷ್ಟಕ್ಕೇ
ಆ ರಾತ್ರಿ ದೀಪ ಹಚ್ಚಿ
ರಾಜನ ಅಚ್ಚಿನ ಹಸಿಮಣ್ಣಿಗೆ ಹೆಬ್ಬೆರಳೂರಿ
ಅವನ ಮೂಗು ಎಳೆದೆ, ತುದಿಯಲ್ಲಿ ಸೀಳಿದಂತಿರುವ ಆ ಮೂಗು.
ಎಡಗೆನ್ನೆಯ ಗುಳಿ. ಗಡ್ಡದಲ್ಲಿ ಒಂದೇ ಒಂದು ಬಿಳಿ ಪಟ್ಟೆ.
ನನ್ನ ಬೆರಳಿಗೆ ಸಮ ಯಾರಿದ್ದಾರೆ ಅಂದುಕೊಂಡೆ.
ಗೋಡೆಯಾಚೆ ಗೂಬೆ ಕೂಗಿತು.
ನಮ್ಮ ಊರಲ್ಲಿ ಗೂಬೆ ಕೂಗಿದರೆ ಗೆಲುವಂತೆ. ನಕ್ಕೆ.

ಗುಡ್ಡದಿಳಿಜಾರಿನ ಹಲಗೆಗಳ ಮೇಲೆ ಊರಿಗೆ ಊರೇ.
ಮುಂದಿನ ಸಾಲಲ್ಲಿ ಹಗ್ನಿಯಾಸ್, ತಲೆಗೆ ಬಳ್ಳಿಯ ಕಿರೀಟ,
ತೊಡೆಯ ಮೇಲೆ ಆರು ವರ್ಷದ ಮಗ.
ದೇವರ ಪಾಲನ್ನೂ ತನ್ನ ಕಣಜಕ್ಕೆ ಸುರಿಸಿಕೊಂಡ ದೊರೆಯ ಕಥೆ.
ದೂತ ಬಂದ, ಹೇಳಿದ. ಮೇಳ ಎದೆ ಬಡಿದುಕೊಂಡಿತು.
ಬಾಗಿಲು ತೆರೆದು, ನಾನು ಬಳಿದ ಕೆಂಪು ಹೊತ್ತು
ದೊರೆ ತಡವರಿಸುತ್ತ ಹೊರಬಂದ.

“ಅಪ್ಪಾ!”

ಮಗು ಚೀರಿದ್ದು ರಂಗದ ಕಡೆ ನೋಡಿ,
ಕೂತದ್ದು ಅಪ್ಪನ ತೊಡೆಯ ಮೇಲೆ.

ಮೇಲಿನ ಸಾಲಿನಿಂದ ಯಾರೋ ಗೊಳ್ಳೆಂದರು.
ನಗು ಉರುಳುತ್ತ ಇಳಿಯಿತು, ಸಾಲಿನಿಂದ ಸಾಲಿಗೆ ದಪ್ಪವಾಗುತ್ತ.
ಅಳಬೇಕಾದ ಜಾಗದಲ್ಲಿ ಊರು ನಕ್ಕಿತು.
ಹಗ್ನಿಯಾಸ್ ಏಳಲಿಲ್ಲ. ಮಗುವಿನ ಕಣ್ಣಿಗೆ ಅಂಗೈ ಮುಚ್ಚಿ
ಕೊನೆಯ ಮಾತಿನವರೆಗೂ ನೆಟ್ಟಗೆ ಕೂತಿದ್ದ.
ಆಗಲಾದರೂ ನನಗೆ ತಿಳಿಯಬೇಕಿತ್ತು.
ನಾನು ಕಂಬದ ಹಿಂದೆ
ಎಷ್ಟು ಜನ ಬೆನ್ನು ತಟ್ಟಿದರೆಂದು ಎಣಿಸುತ್ತಿದ್ದೆ.

ಕೃತ್ತಿಕೆ ಮುಳುಗಿದ ಮೇಲೆ ಯಾರೂ ಹಡಗು ಬಿಡುವುದಿಲ್ಲ.
ಅವನು ಬಿಟ್ಟ. ಮೂರನ್ನೂ. ಮೊದಲನೆಯದರಲ್ಲಿ ತಾನೇ ನಿಂತು.
ನಕ್ಕ ಊರಿಗೆ ಏನು ತೋರಿಸಬೇಕಿತ್ತೋ.
ಬಂಡೆಗಳ ಕಡೆಯಿಂದ ದೂತನೊಬ್ಬ ಬಂದ, ಮುಖವಾಡವಿಲ್ಲದವನು,
ಉಪ್ಪಿಗೆ ತುಟಿ ಒಡೆದವನು,
ಹೇಳಲು ಒಂದು ಸಾಲೂ ಬಾರದವನು.

ಸೊಕ್ಕಿದ, ಮುಳುಗಿದ ಅಂತಾರೆ ಸಂತೆಯಲ್ಲಿ.
ತಲೆಯಾಡಿಸಿ ಈರುಳ್ಳಿ ಕೊಂಡು ಬರುತ್ತೇನೆ.
ಆಟ ಮುಗಿದ ಮುಖಗಳನ್ನು ಗುಡಿಗೆ ಒಪ್ಪಿಸುವುದು ವಾಡಿಕೆ.
ಅದೊಂದನ್ನು ಗುಡಿಯವರು ಬೇಡವೆಂದರು.
ಮೊಳೆಗೆ ತೂಗಿಹಾಕಿದ್ದೆ; ಒಂದು ರಾತ್ರಿ ಇಳಿಸಿ ತೊಟ್ಟು ನೋಡಿದೆ.
ಹೊರಗೆ ಮೂಗು ಅವನದು,
ಒಳಗಿನ ಗುಳಿ ಯಾರ ಮೂಗಿಗೂ ಆಗುತ್ತದೆ.
ನನ್ನ ಉಸಿರು ಬಿಸಿಯಾಗಿ ನನಗೇ ಬಡಿಯಿತು.

ನಿನ್ನೆ ಒಬ್ಬ ಹುಡುಗ ಬಂದ. ಮೇಳಕ್ಕೆ ಹೊಸಬ,
ಮುದುಕನ ಮುಖವೊಂದು ಬೇಕಂತೆ. ಹೆಸರು ಕಿರೋನ್.
ದಾರ ಹಿಡಿದು ಹಣೆಯಳತೆ ತೆಗೆದೆ,
ಮೂಗಿನ ತುದಿಯಲ್ಲಿ ಬೆರಳು ನಿಂತಿತು.
ಅವನಿಗೆ ಗೊತ್ತೋ ಇಲ್ಲವೋ.
“ಬಿಗಿಯಾಗದಿರಲಿ” ಅಂದ,
ನನ್ನವಳು ಕೊಟ್ಟ ನೀರನ್ನು ಪೂರ್ತಿ ಕುಡಿದು
ಬಟ್ಟಲನ್ನು ಎರಡೂ ಕೈಯಿಂದ ಹಿಂದಿರುಗಿಸಿದ.

ಎರಡು ಹಗಲು ಬೇಕು ಅಂದೆ.
ಗಾಳಿ ತೆಂಕಣದ್ದು.